ಮತ್ತೆ ಪಾಸಿಟಿವ್ ಬಂದ ಹೊಸ ಅಜ್ಜಿ

ಮಗಳಿಗೆ ಹೆರಿಗೆಯಾಗಿತ್ತು, ಹೆಣ್ಣು ಮಗು. ಫೋನಿನಲ್ಲಿ ಅದರ ಅಳು ಕೇಳಿದಾಗಿನಿಂದ ಬೇಕರಿ ಅಕ್ಕನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಬ್ಯಾಗು ಆಗಲೇ ತುಂಬಿ ಬಾಗಿಲ ಬಳಿ ಕೂತಿತ್ತು. ಅಕ್ಕನಿಗೆ ಕೊರೊನಾ ಬಂದು ವಾಸಿಯಾಗಿ ತಿಂಗಳಾಗಿತ್ತು. ಆದರೂ ಹಸುಗೂಸಿನ ಹತ್ತಿರ ಹೋಗುವುದಲ್ಲವೇ ಎಂದು ಇನ್ನೊಂದು ಸಲ ಪರೀಕ್ಷೆ ಮಾಡಿಸಿಕೊಂಡಳು.

ಮತ್ತೆ ಪಾಸಿಟಿವ್.

ಕ್ಷೌರದಂಗಡಿಯಿಂದ ಊಟಕ್ಕೆ ಬಂದ ಗಂಡ ಹೊಸ್ತಿಲಲ್ಲೇ ನಿಂತ. "ನಾನು ಹೇಳ್ಲಿಲ್ವಾ, ವಾಸಿಯಾಯ್ತು ಅನ್ನೋದೆಲ್ಲ ಸುಳ್ಳು. ಇಷ್ಟು ದಿನ ಮೈಯೊಳಗೇ ಅಡಗಿತ್ತು. ಹೋಗೋದು ಬೇಡ, ಮಗಳಿಗೆ ಏನಾದ್ರೂ ನೆಪ ಹೇಳು."

ಅಕ್ಕ ಬ್ಯಾಗಿನಿಂದ ಸೀರೆಗಳನ್ನು ಹೊರತೆಗೆಯತೊಡಗಿದಳು.

ಅಷ್ಟರಲ್ಲಿ ಎದುರುಮನೆಯ ನರ್ಸ್ ಬಂದಳು. ಅಕ್ಕನ ಚಿಕ್ಕಮ್ಮನ ಮಗಳು ಅವಳು. "ಇನ್ನೂ ಹೊರಟಿಲ್ವಾ? ಅಜ್ಜಿ ಆದವ್ಳು ಮುಖ ಹೀಗಾ ಇಟ್ಕೊಳ್ಳೋದು?"

ವಿಷಯ ಕೇಳಿ ಹತ್ತಿರ ಕೂತಳು. "ಜ್ವರ, ಕೆಮ್ಮು, ಗಂಟಲು ನೋವು ಏನಾದ್ರೂ ಇದ್ಯಾ?"

"ಏನೂ ಇಲ್ಲ ಕಣೇ. ನಿನ್ನೆ ದಿನವಿಡೀ ಹಿಟ್ಟು ನಾದಿದ್ದೀನಿ."

ನರ್ಸ್ ಅಕ್ಕನ ಗಂಡನತ್ತ ತಿರುಗಿದಳು. "ಭಾವ, ಗಿರಾಕಿ ಎದ್ದು ಹೋದ್ಮೇಲೂ ನಿಮ್ಮಂಗಡಿ ನೆಲದ ಮೇಲೆ ಕೂದ್ಲು ಬಿದ್ದಿರುತ್ತೆ. ಹಾಗಂತ ಗಿರಾಕಿ ಇನ್ನೂ ಕುರ್ಚೀಲೇ ಕೂತಿದ್ದಾನೆ ಅಂತೀರಾ?"

"ಅವನ್ಯಾಕೆ ಕೂತಿರ್ತಾನೆ?"

"ಇದೂ ಹಾಗೇ. ವಾಸಿಯಾದ್ಮೇಲೂ ಸತ್ತ ವೈರಸ್ಸಿನ ಚೂರುಗಳು ಕೆಲವು ವಾರ ಮೂಗಲ್ಲಿ ಉಳೀಬಹುದು. ಲ್ಯಾಬ್ ಪರೀಕ್ಷೆ ಅದನ್ನೂ ಹಿಡಿಯುತ್ತೆ. ಆ ಚೂರುಗಳಿಂದ ಯಾರಿಗೂ ಅಂಟಲ್ಲ. ಆದ್ರೆ ಹೊಸದಾಗಿ ಸೋಂಕು ತಗುಲಿರೋದೂ ಉಂಟು. ಯಾವುದು ಅಂತ ನಾವು ಊಹೆ ಮಾಡೋದು ಬೇಡ, ಡಾಕ್ಟರ್ ಹೇಳ್ಲಿ. ಪುಟ್ಟ ಮಗು ಇರೋ ಮನೆ."

ಮೂವರೂ ಆಸ್ಪತ್ರೆಗೆ ಹೋದರು. ವೈದ್ಯರು ಎದೆ ಪರೀಕ್ಷಿಸಿದರು, ಮನೆಯಲ್ಲಿ, ಬೇಕರಿಯಲ್ಲಿ ಯಾರಿಗಾದರೂ ಜ್ವರವೇ ಎಂದು ಕೇಳಿದರು, ಬೇರೊಂದು ಬಗೆಯ ಪರೀಕ್ಷೆಯನ್ನೂ ಮಾಡಿಸಿದರು. ಅದು ನೆಗೆಟಿವ್ ಬಂದಾಗ ನಕ್ಕರು. "ಇದು ಹಳೇ ಸೋಂಕಿನ ಉಳಿಕೆ ಅಷ್ಟೇ. ಹೋಗ್ಬನ್ನಿ ಅಜ್ಜಿ. ಮಾಸ್ಕ್ ಇರಲಿ, ಕೈ ತೊಳ್ಕೊಂಡು ಮಗೂನ ಎತ್ಕೊಳ್ಳಿ."

ಈಗ ಅವಸರವೆಲ್ಲ ಗಂಡನದು. ಸೀರೆಗಳನ್ನು ಮಡಿಸದೆಯೇ ಬ್ಯಾಗಿಗೆ ತುರುಕಿದ. "ನಡಿ ನಡಿ, ಬಸ್ಸು ತಪ್ಪಿದ್ರೆ ನಿನ್ನೇ ಬಿಟ್ಟು ನಾನೊಬ್ನೇ ಹೋಗ್ತೀನಿ."

ಸಂಜೆಗೆ ಮೊಮ್ಮಗಳು ಅಕ್ಕನ ತೋಳಲ್ಲಿದ್ದಳು. ಪುಟ್ಟ ಬೆರಳುಗಳು ಅವಳ ಹೆಬ್ಬೆರಳನ್ನು ಹಿಡಿದಿದ್ದವು. ಮಾಸ್ಕಿನ ಮೇಲೆ ಅವಳ ಕಣ್ಣಷ್ಟೇ ಕಾಣುತ್ತಿತ್ತು, ಆ ಕಣ್ಣು ತುಂಬಿ ಹರಿಯುತ್ತಿತ್ತು.

ಅಕ್ಕಂದಿರೇ, ಅಣ್ಣಂದಿರೇ, ವಾಸಿಯಾದ ಮೇಲೂ ನಿಮ್ಮ ಪರೀಕ್ಷೆ ಪಾಸಿಟಿವ್ ಬಂದರೆ ಕಂಗಾಲಾಗಬೇಡಿ, ಉಡಾಫೆಯನ್ನೂ ಮಾಡಬೇಡಿ. ಜ್ವರ, ಕೆಮ್ಮು ಮತ್ತೆ ಕಂಡರೆ ಪ್ರತ್ಯೇಕವಾಗಿರಿ. ಏನೂ ಇಲ್ಲದಿದ್ದರೂ ವೈದ್ಯರನ್ನು ಒಂದು ಮಾತು ಕೇಳಿ. ಪಕ್ಕದ ಮನೆಯವರಿಗೆ ಹೀಗಾದರೆ ಬಾಗಿಲು ಹಾಕಿಕೊಳ್ಳಬೇಡಿ, ಧೈರ್ಯ ಹೇಳಿ ಆಸ್ಪತ್ರೆಗೆ ಜೊತೆಯಾಗಿ.