ಪರದೆಯ ಎಡತುದಿ

ಕಲ್ಯಾಣದ ಕಡೆಗೆ ಇನ್ನೊಂದು ಲೋಕಲ್ಲು ಹೋಯಿತು, ಇದರಲ್ಲೇ ಇರಬೇಕು ನನ್ನ ಮಗಳು ಗುರಮ್ಮ, ಹೆಂಗಸರ ಡಬ್ಬಿಯ ಕಿಟಕಿಗಳೆಲ್ಲ ಒಂದೇ ಗೆರೆಯಾಗಿ ಸರಿದುಹೋದವು, ಯಾರ ಮುಖವೂ ತಿಳಿಯಲಿಲ್ಲ — ಕೆಳಗಿನ ಮೆಟ್ಟಿಲಿನ ಶರಣಬಸಮ್ಮನ ಕೈಯಿಂದ ಘಮೇಲಾ ಬಂತು, ಕಬ್ಬಿಣದ ಬುಟ್ಟಿಯ ತುಂಬ ಹಸಿ ಕಾಂಕ್ರೀಟಿನ ಭಾರ, ಮೇಲಿನವಳಿಗೆ ಕೊಟ್ಟೆ, ಬಂತು, ಕೊಟ್ಟೆ, ಮಿರಗ ಮಳೆ ಕೂಡಲು ಇನ್ನು ಎಂಟೇ ದಿನ, ಊರಲ್ಲಾದರೆ ಹೊಲ ಹರಗಿಬಿಟ್ಟು ಮುಗಿಲು ನೋಡುತ್ತ ಕೂಡುವ ಹೊತ್ತು, ಮುಂಬೈ ಕಡೆಯ ಈ ಠಾಕುರ್ಲಿಯಲ್ಲಿ ಮುಗಿಲು ನೋಡಲು ಪುರುಸೊತ್ತಿಲ್ಲ, ಮಳೆಗೆ ಮುಂಚೆ ಮೂರನೆಯ ಮಾಳಿಗೆಯ ಸ್ಲ್ಯಾಬು ಬೀಳಬೇಕು, ಸುರುವಾದ ಸ್ಲ್ಯಾಬನ್ನು ನಡುವೆ ನಿಲ್ಲಿಸುವಂತಿಲ್ಲ, ನಿಂತ ಜಾಗದಲ್ಲಿ ಹಳೆಯದು ಹೊಸದು ಬೆಸೆಯದೆ ಮುಂದೆ ಸೋರುತ್ತದೆ, ಸ್ಲ್ಯಾಬ್ ಅಂದ್ರ ಹೆರಿಗಿ ಇದ್ದಾಂಗ, ಸುರುವಾತಂದ್ರ ಮುಗೀಬೇಕು, ನಡುವ ಚಾ ಕುಡ್ಯಾಕ ಎದ್ದು ಹೋಗಾಕ ಬರಾಂಗಿಲ್ಲ ಅನ್ನುತ್ತಾನೆ ಆಳುಗಳ ಮೇಲಿನ ಮುಕಾದಮ ಹುಲಗಪ್ಪ, ನೀ ಎಷ್ಟು ಹಡದಿ ಹುಲಗಪ್ಪಣ್ಣ ಎಂದು ಶರಣಬಸಮ್ಮ ಕೇಳಿದ್ದಕ್ಕೆ ಬೆಳಿಗ್ಗೆ ಸಾಲಿಗೆ ಸಾಲೇ ನಕ್ಕಿತ್ತು, ನನಗೆ ನಗು ಬರಲಿಲ್ಲ, ಇವತ್ತು ಗುರುವಾರ, ಕಲ್ಯಾಣದ ಥೇಟರಿನಲ್ಲಿ ಆ ಸಿನಿಮಾಕ್ಕೆ ಇವತ್ತೇ ಕಡೆಯ ದಿನ, ನನ್ನ ಮಗಳು ತನ್ನ ಅಪ್ಪನನ್ನು ನೋಡಲು ಹೋಗಿದ್ದಾಳೆ, ಹತ್ತು ತುಂಬಿದರೂ ಅಪ್ಪನ ಮುಖ ಒಮ್ಮೆಯೂ ಕಾಣದವಳು, ಮತ್ತು ನಾನು ಅವಳ ಜೊತೆಗಿಲ್ಲ, ಬಂತು, ಕೊಟ್ಟೆ.

ಅವಳಪ್ಪ ಮಾಪಣ್ಣನ ಒಂದು ಫೋಟೋ ಇಲ್ಲ, ಯಾಕೆ ತೆಗೆಸಿಡಲಿಲ್ಲ ಎಂದರೆ ಏನು ಹೇಳಲಿ, ಕಲ್ಲು ಒಡೆಯುವವನು ಫೋಟೋ ತೆಗೆಸಿ ಯಾವ ಗೋಡೆಗೆ ತೂಗುಹಾಕಬೇಕು, ಇದ್ದದ್ದು ತುರ್ಭೆಯ ಕಲ್ಲಿನ ಖಾಣಿಯ ಪಕ್ಕದಲ್ಲಿ ತಗಡಿನ ಗುಡಿಸಲು, ಆ ಚಳಿಗಾಲ ಸಿನಿಮಾದವರು ಖಾಣಿಗೇ ಬಂದರು, ಎರಡು ದಿನ ಲಾರಿ, ಛತ್ರಿ, ಬೆಳ್ಳಿಹಾಳೆ ಅಂಟಿಸಿದ ಹಲಗೆಗಳು, ಬಿಸಿಲಿಗೆ ಮತ್ತೊಂದು ಬಿಸಿಲು ಹಾಯಿಸಿದರು, ನಮ್ಮ ಗಂಡಸರನ್ನು ಸಾಲಾಗಿ ನಿಲ್ಲಿಸಿ ಸುತ್ತಿಗೆ ಎತ್ತಿ ಎಂದರು, ಆದರೆ ಕಲ್ಲು ಒಡೆಯಬೇಡಿ ಎಂದರು, ಅದೇ ಕಲ್ಲು ಮುಂದಿನ ಸಲ ತೆಗೆಯಲಿಕ್ಕೂ ಬೇಕಂತೆ, ಮಾಪಣ್ಣ ಸಂಜೆ ಬಂದು ರೊಟ್ಟಿಯ ಮುಂದೆ ಕೂತವನು ರೊಟ್ಟಿ ಮುರಿಯಲಿಲ್ಲ, ಇಡೀ ದಿನ ಎತ್ತೂದು ಇಳಸೂದು, ಎತ್ತೂದು ಇಳಸೂದು, ಒಂದು ಕಲ್ಲೂ ಒಡೀಲಿಲ್ಲ ಸಾಬವ್ವ, ನನ್ನ ಜಲ್ಮದಾಗ ಇಂಥಾ ದಂಡದ ಕೆಲಸ ಮಾಡಿಲ್ಲ ಎಂದ, ಒಂದು ಏಟು ಖಾಲಿ ಹೋದರೂ ನಾಚಿಕೊಳ್ಳುವ ಮನುಷ್ಯ, ಮುಂದಿನ ಮಳೆಗಾಲ ಕಾಮಾಲೆ, ಎಪ್ಪತ್ತೈದರ ಮಳೆಗಾಲ, ಕಣ್ಣು ಅರಿಶಿನ ಉಗುರು ಅರಿಶಿನ, ತೋಳಿಗೆ ಬೇರು ಕಟ್ಟಿಸಿದೆ, ಹನ್ನೆರಡನೆಯ ದಿನ ಹೋದ, ಗುರಮ್ಮ ಆಗ ಹೊಟ್ಟೆಯಲ್ಲಿ ಏಳು ತಿಂಗಳು, ಅವಳು ಹುಟ್ಟಿ ಅಂಬೆಗಾಲಿಡುವ ಹೊತ್ತಿಗೆ ಸಿನಿಮಾ ಬಂತು, ಖಾಣಿಯವರೆಲ್ಲ ಬಸ್ಸು ಹತ್ತಿ ಠಾಣೆ ಶಹರಕ್ಕೆ ಹೋದೆವು, ಕೂಸು ಮಡಿಲಲ್ಲಿ, ಅಷ್ಟು ದೊಡ್ಡ ಥೇಟರಿನ ಒಳಗೆ ಕಾಲಿಟ್ಟದ್ದೇ ಅದು ಮೊದಲು, ಪರದೆ ಇತ್ತು ನೋಡು — ನಮ್ಮೂರಿನ ಕೆರೆ ಏರಿಯಷ್ಟು ಅಗಲ, ಮುಂದಿನ ಬೆಂಚಿನಲ್ಲಿ ಕೂತವರಿಗೆ ಒಂದು ತುದಿ ನೋಡಿದರೆ ಇನ್ನೊಂದು ತುದಿ ಕಾಣದು, ಕತ್ತು ಹೊರಳಿಸಬೇಕು, ಹೊರಳಿಸಿದೆ, ಎಡತುದಿಯಲ್ಲಿ ನಿಂತಿದ್ದ, ಎರಡು ಆಳಿನೆತ್ತರ, ಮೊಣಕಾಲ ಕೆಳಗಿನ ಗಾಯದ ಗುರುತು, ನಾನೇ ಸುಣ್ಣ ಬೆಲ್ಲ ಮೆತ್ತಿ ಕಟ್ಟಿದ ಗಾಯ, ನನ್ನ ಅಂಗೈಗಿಂತ ದೊಡ್ಡದಾಗಿ ಕಂಡಿತು, ಮೂರು ಏಟು, ಮೂರೇ ಏಟಿನ ಹೊತ್ತು ಇದ್ದ, ಮೂರನೆಯದಕ್ಕೆ ಈ ಕಡೆ ತಿರುಗಿದ, ಆಮೇಲೆ ಕುದುರೆ ಬಂತು, ಹಾಡು ಬಂತು, ಹೋದ, ತಡೀರಿ ಅಂತ ಕೂಗಿದೆನಂತೆ, ಹಿಂದಿನವರು ಬೈದರಂತೆ, ಮತ್ತೆ ಎರಡು ಸಲ ಹೋದೆ, ಆ ಎರಡು ಸಲವೂ ಎಡಗಡೆಯ ಗೋಡೆಗೆ ತಾಗಿದ ಜಾಗ ಹಿಡಿದು ಬರೀ ಆ ತುದಿಯನ್ನೇ ನೋಡಿದೆ, ಸಿನಿಮಾದ ಕಥೆ ಏನು, ಯಾರು ಯಾರನ್ನು ಕೊಂದರು, ಮೊನ್ನೆಯವರೆಗೂ ನನಗೆ ಗೊತ್ತಿರಲಿಲ್ಲ.

ಹೌದಲ್ಲ, ಶರಣಬಸಮ್ಮ, ತಗೊಂಡೆ, ಕೈ ಸುಡುತ್ತಿದೆ ಕಬ್ಬಿಣ — ಗೊತ್ತಿಲ್ಲದ ಆ ಕಥೆಯನ್ನು ಭಾನುವಾರ ಡೊಂಬಿವಲಿಯಲ್ಲಿ ಪೂರಾ ನೋಡಬೇಕಾಯಿತು, ಹುಲಗಪ್ಪನ ಮಗನ ಜವಳ, ಬಾಡಿಗೆಗೆ ವಿಡಿಯೊ ತರಿಸಿದ್ದ, ಮೂರು ಸಿನಿಮಾ, ಮೂರರಲ್ಲಿ ಒಂದು ಅದೇ ಇರಲಿ ಅಣ್ಣ ಎಂದು ಕಾಲು ಹಿಡಿದವಳು ನಾನೇ, ಗುರಮ್ಮ ಓಣಿಯ ಹುಡುಗಿಯರಿಗೆಲ್ಲ ಸಾರಿಕೊಂಡು ಬಂದಿದ್ದಳು, ಟೀವಿಮೇ ಮೇರಾ ಬಾಪ್ ಆನೇವಾಲಾ ಹೈ, ಟೀವಿಯಲ್ಲಿ ನಮ್ಮಪ್ಪ ಬರ್ತಾನೆ ಎಂದು, ಎಣ್ಣೆ ಹಚ್ಚಿ ಎರಡು ಜಡೆ ಹಾಕಿಸಿಕೊಂಡಳು, ನೋಡಲು ಹೋಗುವವಳಲ್ಲ, ತಾನೇ ಕಾಣಿಸಿಕೊಳ್ಳಲು ಹೋಗುವವಳ ಹಾಗೆ, ಸಣ್ಣ ಕೋಣೆಯಲ್ಲಿ ಮೂವತ್ತು ಜನ, ಕಿಟಕಿಗೆ ಕಂಬಳಿ, ಎಲ್ಲರ ಮುಂದೆ ಅವಳನ್ನು ಕೂರಿಸಿದೆ, ಟೀವಿ ನಮ್ಮ ಹಿಟ್ಟಿನ ಡಬ್ಬಿಯಷ್ಟು, ಇರಲಿ, ಸಣ್ಣವನಾಗಿಯಾದರೂ ಬರಲಿ ಎಂದುಕೊಂಡೆ, ಖಾಣಿ ಬಂತು, ಸಾಲು ಬಂತು, ಮುಖಗಳು ಕಡಲೆಕಾಳಿನಷ್ಟು, ಈಗ ನೋಡು ಎಂದು ಅವಳ ಭುಜ ಒತ್ತಿದೆ — ಗಾಜಿನ ಎಡ ಅಂಚಿನಲ್ಲಿ ಒಂದು ಸುತ್ತಿಗೆಯ ತಲೆ ಮೇಲೆ ಹೋಯಿತು, ಕೆಳಗೆ ಬಂತು, ಹಿಡಿದ ಕೈಯಿಲ್ಲ, ಮನುಷ್ಯನಿಲ್ಲ, ಮತ್ತೆ ಮೇಲೆ ಹೋಯಿತು, ಕೆಳಗೆ ಬಂತು, ಕುದುರೆ ಬಂತು, ಕಹಾಂ ಹೈ, ಎಲ್ಲಿದ್ದಾನೆ, ಎಂದಳು, ಇನ್ನೊಮ್ಮೆ ಹಾಕ್ರಿ ಅಣ್ಣ ಎಂದೆ, ವಿಡಿಯೊ ಬಾಡಿಗೆಯ ಹುಡುಗ ಹಿಂದಕ್ಕೆ ತಿರುಗಿಸಿದ, ಕುದುರೆ ಹಿಂದೆಹಿಂದಕ್ಕೆ ಓಡಿತು, ಎಲ್ಲರೂ ನಕ್ಕರು, ಮತ್ತೆ ಸುತ್ತಿಗೆಯ ತಲೆ ಅಷ್ಟೆ, ಮೂರು ಸಲ ತಿರುಗಿಸಿದ ಪುಣ್ಯಾತ್ಮ, ಥೇಟರಿನಲ್ಲಿ ಒಂದೇ ಒಂದು ಸಲ ತಡೀರಿ ಎಂದದ್ದಕ್ಕೆ ಬೈಸಿಕೊಂಡಿದ್ದೆ, ಇಲ್ಲಿ ಎಷ್ಟು ಸಲ ಕರೆದರೂ ಕರೆಯಬಹುದು, ಕರೆದರೆ ಬರುವುದಕ್ಕೆ ಅವನೇ ಇಲ್ಲ, ನನಗೆ ಏನಾಯಿತೋ ಎದ್ದು ಹೋಗಿ ಟೀವಿಯ ಕಟ್ಟಿಗೆ ಡಬ್ಬಿಯ ಎಡಪಕ್ಕಕ್ಕೆ ಕೈಯಿಟ್ಟೆ, ಬಗ್ಗಿ ಅದರ ಹಿಂದೆ ನೋಡಿದೆ, ವಯರು, ಧೂಳು, ಹುಲಗಪ್ಪ ಅಂದ, ಸಾಬವ್ವ, ಮಾಪಣ್ಣ ಹಿಂದ ಬೀಡಿ ಸೇದಾಕ ಹೋಗ್ಯಾನ, ಬರ್ತಾನ ಕೂಡು, ಕೋಣೆಗೆ ಕೋಣೆಯೇ ಬಿದ್ದು ಬಿದ್ದು ನಕ್ಕಿತು, ಗುರಮ್ಮ ನಗಲಿಲ್ಲ, ಅಳಲಿಲ್ಲ, ವಾಪಸು ಬರುವಾಗ ಲೋಕಲ್ಲಿನಲ್ಲಿ ಕಂಬಿ ಹಿಡಿದು ನಿಂತು ಹೊರಗೆ ನೋಡುತ್ತ ಮೆಲ್ಲಗೆ ಹೇಳಿದಳು, ತೂ ಝೂಟ್ ಬೋಲ್ತಿ ಹೈ, ಶುರುಸೇ, ನೀನು ಹೇಳುವುದು ಸುಳ್ಳು, ಮೊದಲಿನಿಂದಲೂ, ಅಷ್ಟೆ, ಅಂದಿನಿಂದ ನನ್ನ ಪಕ್ಕ ಕೂತು ಉಣ್ಣಲಿಲ್ಲ, ತಟ್ಟೆ ತೆಗೆದುಕೊಂಡು ಹೊರಗೆ ಇಟ್ಟಂಗಿಗಳ ಮೇಲೆ ಹೋಗಿ ಕೂಡುತ್ತಾಳೆ, ಹತ್ತು ವರ್ಷ ಅವಳಿಗೆ ನಾನು ಕೊಟ್ಟದ್ದು ಅದೊಂದೇ ಮಾತು, ನಿಮ್ಮಪ್ಪ ಸಿನಿಮಾದಾಗ ಅದಾನ, ಒಂದಿನ ತೋರಸ್ತೀನಿ, ತೋರಿಸದಿದ್ದರೆ ಸತ್ತವನನ್ನು ಎರಡನೆಯ ಸಲ ನಾನೇ ಮಣ್ಣು ಮಾಡಿದ ಹಾಗೆ.

ಸೋಮವಾರ ನನ್ನ ಮುಖ ನೋಡಿ ಸೂಪರ್ವೈಸರು ಸರ್ವೋತ್ತಮಣ್ಣ ಕೇಳಿದರು, ಎಂತಾಯ್ತು ಮಾರಾಯ್ತಿ, ಉಡುಪಿ ಕಡೆಯವರು, ನಕ್ಕರೂ ನೋಯುವ ಹಾಗೆ ನಗುವವರಲ್ಲ, ಹೇಳಿದೆ, ತಮ್ಮ ಉದ್ದನೆಯ ಹಾಜರಿ ಪುಸ್ತಕ ಬಿಚ್ಚಿ ಮೊಣಕಾಲ ಮೇಲಿಟ್ಟರು, ನೋಡು, ದೊಡ್ಡ ಪಿಕ್ಚರ್ ಇಷ್ಟಗಲ ಉಂಟು, ಎಪ್ಪತ್ತು ಎಂ.ಎಂ., ಆಮೇಲೆ ಎರಡೂ ಬದಿಗೆ ಅಂಗೈ ಮುಚ್ಚಿದರು, ಟೀವಿ ಇಷ್ಟೇ, ಇದರಲ್ಲಿ ಅದು ಹಿಡೀಬೇಕಲ್ಲ, ಹಾಗಾಗಿ ನಡೂದು ಇಟ್ಟು ಬದೀದು ಕತ್ತರಿಸ್ತಾರೆ, ನಿನ್ನ ಗಂಡ ಎಲ್ಲಿಗೂ ಹೋಗ್ಲಿಲ್ಲ, ನನ್ನ ಅಂಗೈ ಅಡಿಯಲ್ಲಿದ್ದಾನೆ ಅಷ್ಟೆ — ಆ ಅಂಗೈಯನ್ನು ಎತ್ತಿ ನೋಡಬೇಕೆನ್ನಿಸಿತು, ಕಲ್ಯಾಣದಲ್ಲಿ ಅದೇ ಪಿಕ್ಚರ್ ಮತ್ತೆ ಹಾಕಿದ್ದಾರೆ, ಅಗಲ ಪರದೆ, ಗುರುವಾರದವರೆಗೆ ಮಾತ್ರ, ಶುಕ್ರವಾರ ಬೇರೆ ಬರ್ತದೆ ಎಂದೂ ಹೇಳಿದರು, ಹುಲಗಪ್ಪನ ಹತ್ತಿರ ರಜೆ ಕೇಳಿದೆ, ಬುಧವಾರ ಸ್ಲ್ಯಾಬ್ ಆಗಲಿ, ಗುರುವಾರ ಬೇಕಾದ್ರ ಮಲ್ಕೊಂಡು ನೋಡು ಎಂದ, ಬುಧವಾರ ಮಿಕ್ಸರಿನ ಪಟ್ಟಾ ಹರಿಯಿತು, ಸ್ಲ್ಯಾಬು ಗುರುವಾರಕ್ಕೆ ಬಂತು, ಇದರಲ್ಲಿ ಯಾರ ತಪ್ಪು, ಯಾರದೂ ಅಲ್ಲ, ನನ್ನ ಹೆಂಡತಿ ಕರ್ಕೊಂಡು ಹೋಗ್ತಾಳೆ, ಅವಳಿಗೂ ಪಿಕ್ಚರ್ ನೋಡ್ಬೇಕಂತೆ ಎಂದರು ಸರ್ವೋತ್ತಮಣ್ಣ, ಗುರಮ್ಮ ಬರುವುದಿಲ್ಲ ಎಂದಳು, ಆಮೇಲೆ ಅರ್ಧ ಗಳಿಗೆ ಬಿಟ್ಟು ಜಡೆ ಬಿಚ್ಚಿ ತಾನೇ ಹಾಕಿಕೊಳ್ಳತೊಡಗಿದಳು, ಮೂರು ದಿನದ ಮೇಲೆ ಮೊದಲ ಸಲ ನನ್ನ ಕಡೆ ನೋಡಿದಳು, ಪೆಹಚಾನೂಂ ಕೈಸೇ, ಹೇಗೆ ಗುರುತು ಹಿಡಿಯಲಿ, ಇವತ್ತು ಬೆಳಿಗ್ಗೆ ನಾನು ಘಮೇಲಾ ಸಾಲಿಗೆ ಹೊರಟಿದ್ದೆ, ಅವಸರ, ಎಡಗಡೆ, ತಲಿಗೆ ಕೆಂಪು ವಲ್ಲಿ, ನಿನ್ನ ಕಡೆ ನೋಡಿ ನಗ್ತಾನ — ಎಂದೆ.

ನಗ್ತಾನ ಎಂದೆ, ಬಂತು, ಕೊಟ್ಟೆ, ಯಾಕೆ ಹಾಗೆಂದೆ, ಮಾಪಣ್ಣ ನಗುವುದಿಲ್ಲ, ಮೂರನೆಯ ಏಟಿಗೆ ಈ ಕಡೆ ತಿರುಗುತ್ತಾನೆ ನಿಜ, ಆ ಬೆಳ್ಳಿಹಲಗೆಯ ಬಿಸಿಲಿಗೆ ಕಣ್ಣು ಕಿರಿದು ಮಾಡಿ, ತುಟಿ ಬಿಗಿದು, ಒಡೆಯದ ಕಲ್ಲಿನ ಮೇಲಿನ ಸಿಟ್ಟು ಹಾಗೇ ಇದೆ ಮುಖದ ಮೇಲೆ, ಈ ನಗು ಎಲ್ಲಿಂದ ಬಂತು, ಅವಳಿಗೆ ನಾಲ್ಕು ವರ್ಷವಿದ್ದಾಗ ಕೇಳಿದ್ದಳು, ಅಪ್ಪಗ ಸಿಟ್ಟು ಬಂದಿರತದೇನು, ಆ ಹೊತ್ತಿಗೆ ಮಲಗಿಸಬೇಕಿತ್ತು, ಇಲ್ಲವ್ವ ನಗ್ತಾನ ಎಂದುಬಿಟ್ಟೆ, ಮರುದಿನವೂ ಅದೇ ಹೇಳು ಎಂದಳು, ಹೇಳಿದೆ, ಹೇಳಿ ಹೇಳಿ ನನಗೂ ನಕ್ಕ ಹಾಗೇ ಕಾಣತೊಡಗಿತ್ತೇನೋ, ಈಗ ಬಿಸಿಲಲ್ಲಿ ನಿಂತು ಒಂದೊಂದೇ ಏಟು ನೆನೆಸಿಕೊಂಡರೆ ಇಲ್ಲ, ನಗುವುದಿಲ್ಲ — ಇನ್ನೊಂದು ಲೋಕಲ್ಲು, ಹೊತ್ತು ಎಷ್ಟು, ನೆರಳು ನಾವು ನಿಂತ ಅಟ್ಟಣಿಗೆಯ, ಈ ಪರಾಂಚಿಯ, ಎರಡನೆಯ ಬಿದಿರು ಬೊಂಬಿಗೆ ಬಂದಿದೆ, ಮೂರು ದಾಟಿತು, ಆಟ ಸುರುವಾಗಿದೆ, ಓಡಿಹೋಗಿ ಥೇಟರಿನ ಬಾಗಿಲಲ್ಲಿ ನಿಂತು ಕೂಗಲೇ, ನಗೋದಿಲ್ಲ ಮಗಳೇ, ಸಿಟ್ಟು ಮಾಡಿದವನನ್ನು ನೋಡು ಅಂತ, ಹುಲಗಪ್ಪಣ್ಣ ನಾ ಸ್ವಲ್ಪ ಕಲ್ಯಾಣಕ್ಕ ಹೋಗಿ ಬರ್ಲೇನು ಎಂದೆ, ಬಾಯಿಬಿಟ್ಟು ಎಂದೇಬಿಟ್ಟೆ, ಹೋಗು, ಹೋಗುವಾಗ ಈ ಮಿಕ್ಸರಿಗೂ ಒಂದು ಟಿಕೀಟು ತೆಗಿ, ಅದೂ ಬರ್ತದ ಎಂದ, ಶರಣಬಸಮ್ಮ ಮಾತ್ರ ನಗದೆ, ಯಕ್ಕಾ, ನಿನ್ನ ಎರಡು ಕೈ ಇಲ್ಲಾಂದ್ರ ನನ್ನ ಘಮೇಲಾ ಗಾಳ್ಯಾಗ ನಿಂದರತದೇನು ಎಂದಳು, ಸರಿ, ಬಂತು, ಕೊಟ್ಟೆ, ನೆರಳು ಮೂರನೆಯ ಬೊಂಬಿಗೆ ಬಂತು, ಎರಡನೆಯ ಹಾಡು ಮುಗಿದಿರಬೇಕು, ಖಾಣಿ ಬಂದಿರಬೇಕು, ಈಗ, ಈಗಲೇ ಇರಬಹುದು, ಒಂದು, ಎರಡು, ಮೂರು — ಮತ್ತು ಯಾರೋ ನಗುತ್ತಿದ್ದರು, ಅಯ್ಯೋ ಇದೀಗ ನೆನಪಾಯಿತು, ಆ ಸಾಲಿನಲ್ಲಿ ಹಲ್ಲು ಬಿಟ್ಟು ನಗುವವನೊಬ್ಬನಿದ್ದ, ನಮ್ಮವನಲ್ಲ, ಸಿನಿಮಾದವರು ಮುಂಬೈಯಿಂದ ಲಾರಿಯಲ್ಲಿ ಕರೆತಂದ ಏಳೆಂಟು ಗಂಡಸರಲ್ಲಿ ಒಬ್ಬ, ತೊಳೆದ ಮುಖಕ್ಕೆ ಧೂಳು ಬಳಿಸಿಕೊಂಡು ಕಲ್ಲೊಡೆಯುವವನ ವೇಷ ಹಾಕಿದವನು, ಅವನಿಗೂ ಕೆಂಪು ವಲ್ಲಿ, ಎಲ್ಲರಿಗೂ ಅವರೇ ಕಟ್ಟಿಸಿದ್ದರಲ್ಲ ಕೆಂಪು ವಲ್ಲಿ, ಮಾಪಣ್ಣನಿಂದ ಈಚೆಗೆ ಮೂರನೆಯವನು.

ಇರಲಿಕ್ಕಿಲ್ಲ, ಅವಳು ಜಾಣೆ, ಎಡತುದಿ ಅಂದರೆ ತುದಿಯನ್ನೇ ನೋಡುತ್ತಾಳೆ, ರಕ್ತ ರಕ್ತವನ್ನು ಗುರುತು ಹಿಡಿಯುವುದಿಲ್ಲವೇ, ಮೂಗು ಅವನದೇ ಮೂಗು, ಹೀಗೆ ನೂರು ಸಲ ಹೇಳಿಕೊಂಡು ನೂರು ಘಮೇಲಾ ಮೇಲೆ ಹೋದವು, ಬಿಸಿಲು ಇಳಿಯಿತು, ಸ್ಲ್ಯಾಬು ಇನ್ನೂ ಒಂದು ಮೂಲೆ ಉಳಿದಿದೆ, ಮತ್ತು ಆಗ ಪರಾಂಚಿ ಅಲುಗಿತು, ಯಾರೋ ಓಡಿ ಹತ್ತುವ ಅಲುಗಾಟ, ಗುರಮ್ಮ, ಏಯ್ ಬೀಳ್ತೀಯ ಇಳಿ ಎಂದು ಹುಲಗಪ್ಪ ಕೆಳಗಿನಿಂದ ಒದರುತ್ತಿದ್ದಾನೆ, ಅವಳಿಗೆ ಕೇಳಿಸುತ್ತಿಲ್ಲ, ಯವ್ವಾ ದೇಖಾ, ಅಪ್ಪಗ ನೋಡಿದೆ, ಕಿತ್ನಾ ಬಡಾ, ಇಷ್ಟು, ಈ ಗ್ವಾಡಿಯಷ್ಟು, ಆಂಟಿನೂ ನೋಡಿದ್ರು, ಒಂದೇ ಉಸಿರು, ಕನ್ನಡ ಹಿಂದಿ ಒಂದರ ಮೇಲೊಂದು ಬೀಳುತ್ತಿವೆ, ನೀ ಹೇಳಿದಾಂಗೇ ನಗ್ತಿದ್ದ ಯವ್ವಾ, ನನ್ ಕಡೀನೇ ನೋಡ್ತಿದ್ದ, ನಾ ನಿನಗ ಝೂಟೀ ಅಂದಿದ್ದೆ, ಮಾಫ್ ಕರ್, ಅವಳ ಮುಖದ ಮೇಲೆ ಆ ಬೆಳಕು, ಇರಬಹುದು, ಮಾಪಣ್ಣನೇ ಇರಬಹುದು, ನನ್ನ ನೆನಪೇ ತಪ್ಪಿರಬಹುದು, ನಕ್ಕಿರಬಹುದು ಅವನು, ಹ್ಯಾಂಗ ಇದ್ದವ್ವ ಎಂದೆ, ನನ್ನ ಧ್ವನಿ ಯಾರದೋ ಧ್ವನಿಯ ಹಾಗೆ, ಐಸಾ, ಹೀಗೆ, ಎಂದಳು, ಪರಾಂಚಿಗೆ ಒರಗಿಸಿದ್ದ ಸಲಿಕೆಯನ್ನು ಎತ್ತಿಕೊಂಡಳು, ಒಂದು ಕೈ ಕಟ್ಟಿಗೆ ಕಾವಿನ ನಡುವೆ, ಒಂದು ಕೈ ಕಬ್ಬಿಣಕ್ಕೆ ತಾಗಿದ ಕುತ್ತಿಗೆಯಲ್ಲಿ, ನಗುತ್ತ ಸುತ್ತಿಗೆಯ ಹಾಗೆ ಮೇಲೆತ್ತಿದಳು, ನಗುತ್ತ ಇಳಿಸಿದಳು, ಇಳಿಸುವಾಗಲೂ ಆ ಕೈ ಕುತ್ತಿಗೆಯಲ್ಲೇ ಇತ್ತು.

ಕಲ್ಲು ಒಡೆಯುವವನು ಹಾಗೆ ಹಿಡಿಯುವುದಿಲ್ಲ, ವೇಷ ಹಾಕಿದವನು ಹಿಡಿಯುತ್ತಾನೆ, ಎತ್ತುವಾಗ ಎಲ್ಲಾದರೂ ಹಿಡಿಯಲಿ, ಇಳಿಸುವಾಗ ಎರಡೂ ಕೈ ಕಾವಿನ ತುದಿಗೆ ಜಾರಿ ಕೂಡಬೇಕು, ಹೊಸ ಹುಡುಗರು ಕುತ್ತಿಗೆ ಹಿಡಿದರೆ ಮಾಪಣ್ಣ ಬಯ್ಯುತ್ತಿದ್ದ, ಸುತ್ತಿಗಿಗೆ ಉಸುರುಗಟ್ಟಸ್ತೀಯಲ್ಲೋ, ಕಲ್ಲಿಗೆ ತಟ್ಟಿ ಮಲಗಸ್ತೀಯೇನು — ಅವನೇ ಹೌದಲ್ಲ ಯವ್ವಾ ಎಂದು ಗುರಮ್ಮ ಕೇಳುತ್ತಿದ್ದಾಳೆ, ಸಲಿಕೆ ಇನ್ನೂ ಅವಳ ಕೈಯಲ್ಲಿದೆ, ನಾಳೆ ಶುಕ್ರವಾರ, ನಾಳೆ ಬೇರೆ ಸಿನಿಮಾ, ತೋರಿಸುತ್ತೇನೆ ಎಂದವಳು ತೋರಿಸಲಿಲ್ಲ, ಹೂಂ ಅಂದೆ, ಅವನೇ ಅಂದೆ, ನಕ್ಕಳು, ಯಕ್ಕಾ ಘಮೇಲಾ ಎನ್ನುತ್ತಿದ್ದಾಳೆ ಶರಣಬಸಮ್ಮ, ಹಿಡಿ ಯಕ್ಕಾ, ನನ್ನ ಕೈ ಮುಂದೆ ಹೋಗುತ್ತಿಲ್ಲ, ಗುರಮ್ಮ ಮತ್ತೊಮ್ಮೆ ಎತ್ತಿ ತೋರಿಸುತ್ತಿದ್ದಾಳೆ, ಕುತ್ತಿಗೆ ಹಿಡಿದ ಆ ಕೈ, ಮೇಲೆ, ಕೆಳಗೆ, ಇಳಿಯುವಾಗಲೂ ಜಾರದ ಆ ಕೈ, ಯಾರದೋ ಕೈ, ನನ್ನ ಮಗಳ ಕೈಯಲ್ಲಿ