ಯಂಕೋಬನ ಮೇಲೆ ಬಿದ್ದ ನೋಟ

ನಾನು ಒಂದು ಮರದ ದೇವಿ. ಕಲ್ಲಿನ ದೇವತೆಗಳ ತಾಳ್ಮೆ ನನಗಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕಲ್ಲಿಗೆ ಬಿಸಿಲೂ ಒಂದೇ, ಮಳೆಯೂ ಒಂದೇ. ಮರ ಹಾಗಲ್ಲ; ಉಬ್ಬುತ್ತದೆ, ಬಿರಿಯುತ್ತದೆ, ತಿಂದ ಪೆಟ್ಟನ್ನು ಒಳಗೇ ಇಟ್ಟುಕೊಳ್ಳುತ್ತದೆ. ಕ್ಷಮೆಯ ಕಥೆ ಕೇಳಲು ಬಂದಿದ್ದರೆ ನೀವು ಬೇರೆ ಗುಡಿಗೆ ಹೋಗುವುದು ಒಳ್ಳೆಯದು.

ನಾನು ಹುಟ್ಟಿದ್ದು ಕೊಪ್ಪಳದ ಹತ್ತಿರದ ಕಿನ್ನಾಳದಲ್ಲಿ, ಚಿತ್ರಗಾರರ ಓಣಿಯ ಒಂದು ಮಣ್ಣಿನ ಮಾಳಿಗೆಯ ಮನೆಯಲ್ಲಿ. ಪೊಲಕಿ ಎಂಬ ಮರದ ತುಂಡಾಗಿದ್ದೆ. ಬಹಳ ಹಗುರ, ಬಹಳ ಮೃದು. ಮೃದು ಅಂದರೆ ಮರದಲ್ಲಿ ಮಾತ್ರ, ಸ್ವಭಾವದಲ್ಲಲ್ಲ. ನನ್ನನ್ನು ಕೆತ್ತಿದವಳು ತುಂಗವ್ವ. ಕೆತ್ತಿದವಳು ಎಂದು ಬೇಕೆಂದೇ ಹೇಳುತ್ತಿದ್ದೇನೆ, ಯಾಕೆಂದರೆ ಆ ಓಣಿಯಲ್ಲಿ ಹಾಗೆ ಹೇಳುವಂತಿರಲಿಲ್ಲ. ಹೆಂಗಸರು ಹುಣಸೆಬೀಜ ಅರೆದು ಅಂಟು ಮಾಡಬಹುದು, ಗೋಣಿನಾರು ಕುಟ್ಟಿ ಕಿಟ್ಟವೆಂಬ ಮುದ್ದೆ ಕಲೆಸಿ ಮೂರ್ತಿಗೆ ಮೆತ್ತಬಹುದು, ಬಣ್ಣದ ತಳ ಬಳಿಯಬಹುದು. ಉಳಿ ಹಿಡಿಯುವಂತಿಲ್ಲ. ತುಂಗವ್ವನ ಗಂಡ ನಾರಣಪ್ಪನ ಬಲಗೈಗೆ ಲಕ್ವ ಹೊಡೆದ ಮೇಲೆ ಬಾಗಿಲ ಹಿಂದೆ ಕೂತು ಉಳಿ ಹಿಡಿದದ್ದು ಆಕೆ, ಹೆಸರು ಮಾತ್ರ ಗಂಡನದಾಗಿಯೇ ಉಳಿಯಿತು. ಗಂಡ ಸತ್ತ ಮೇಲೆ ಆ ಹೆಸರು ಮೈದುನ ಯಂಕೋಬನ ಪಾಲಾಯಿತು.

ಕರಡಿಮಟ್ಟಿ ಎಂಬ ಊರಿನ ಗುಡಿಗೆ ಬೆಂಕಿ ಬಿದ್ದು ಅಲ್ಲಿನ ಹಳೆಯ ದುರ್ಗವ್ವ ಸುಟ್ಟುಹೋಗಿದ್ದಳು. ಹೊಸ ದುರ್ಗವ್ವ ಬೇಕೆಂದು ಆ ಊರ ಹಿರಿಯರು ಬಂದಾಗ ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕಿಕೊಂಡು ಮಾತಾಡಿದವನು ಯಂಕೋಬ. ಒಳಗೆ ನನ್ನನ್ನು ಮಂಡಿಯ ನಡುವೆ ಇಟ್ಟುಕೊಂಡು ಕೂತವಳು ತುಂಗವ್ವ. ಕಣ್ಣು ಬರೆಯುವ ತನಕ ನಮ್ಮಂಥವರಿಗೆ ಏನೂ ಕಾಣುವುದಿಲ್ಲ. ಕೈಗಳು, ದನಿಗಳು ಮಾತ್ರ ಗೊತ್ತಾಗುತ್ತವೆ. ಆಕೆಯ ಕೈ ನನಗೆ ಚೆನ್ನಾಗಿ ಗೊತ್ತಿತ್ತು. ಉಳಿ ಇಡುವ ಮುಂಚೆ ಹೆಬ್ಬೆರಳಿನಿಂದ ಒಂದು ಸಲ ಸವರಿ ನೋಡುತ್ತಿದ್ದಳು, ಹಸುಳೆಯ ನೆತ್ತಿ ಮುಟ್ಟಿ ನೋಡಿದ ಹಾಗೆ. ಯಂಕೋಬನ ಪರಿಚಯ ನನಗೆ ಆದದ್ದು ದನಿಯಿಂದ. ಆತ ಬಂದು ಮುಗಿಯಿತಾ ಎಂದು ಕೇಳಿ ಹೋಗುತ್ತಿದ್ದ.

ಮುಗಿದ ದಿನ ತುಂಗವ್ವ ಆತನನ್ನು ಒಂದೇ ಒಂದು ಕೇಳಿಕೊಂಡಳು.

"ಕರಡಿಮಟ್ಟಿ ಮಂದಿ ಬಂದಾಗ ಇದು ನಮ್ಮ ಅತ್ತಿಗಿ ಮಾಡಿದ್ದು ಅಂತ ಒಂದು ಮಾತು ಹೇಳು, ಯಂಕೋಬ. ನೀ ಹೇಳಿದ್ರ ಓಣಿಯವರೂ ಒಪ್ತಾರ. ಆಮ್ಯಾಲೆ ನನ್ನ ಹೊಟ್ಟಿ ನಾ ನೋಡಕೋತೇನಿ."

ಆಕೆ ಕೇಳಿದ್ದು ಅಷ್ಟೇ. ಆ ಒಂದು ಮಾತಿದ್ದರೆ ಊರೂರಿನವರು ಅವಳ ಬಾಗಿಲಿಗೇ ಬರುತ್ತಿದ್ದರು. ಅದಿಲ್ಲದಿದ್ದರೆ ಆಕೆ ಸಾಯುವ ತನಕ ಇನ್ನೊಬ್ಬರ ಮನೆಯ ಹುಣಸೆಬೀಜ ಅರೆಯಬೇಕು. ಯಂಕೋಬನಿಗೂ ಇದು ತಿಳಿದಿತ್ತು, ತಿಳಿದೇ ಆತ ಉತ್ತರ ಕೊಟ್ಟ. ಗಂಡ ಸತ್ತವಳು ದೇವಿಯ ಕಣ್ಣು ತೆರೆಯುವ ಹೊತ್ತಿಗೆ ಮನೆಯಲ್ಲೇ ಇರಬಾರದು, ಇನ್ನು ಹೆಸರು ಬೇರೆ ಬೇಕಾ ಎಂದ. ಅಣ್ಣನ ಉಳಿಗಳು ತಮ್ಮನಿಗೇ ಸೇರಬೇಕು ಎಂದು ಅವನ್ನೂ ಎತ್ತಿಟ್ಟುಕೊಂಡ. ತುಂಗವ್ವ ಓಣಿಯ ಕೊನೆಯಲ್ಲಿ ಒಂದು ಗೂಡಿನಂಥ ಕೋಣೆ ಹಿಡಿದು ಹೋದಳು. ಹೋಗುವಾಗ ಅತ್ತಳೋ ಇಲ್ಲವೋ ನನಗೆ ಕಾಣಲಿಲ್ಲ. ನನಗಿನ್ನೂ ಕಣ್ಣಿರಲಿಲ್ಲ.

ಇನ್ನು ಕಣ್ಣಿನ ಮಾತು. ಉಗ್ರ ದೇವಿಯ ಮೊದಲ ನೋಟ ಯಾರ ಮೇಲೆ ಬೀಳುತ್ತದೋ ಅವರ ಮನೆ ಉಳಿಯುವುದಿಲ್ಲ ಎಂಬುದು ಆ ಮನೆತನದ ನಂಬಿಕೆ. ಅದಕ್ಕೇ ಬರೆಯುವವನು ದೇವಿಯ ಹಿಂದೆ ನಿಲ್ಲುತ್ತಾನೆ. ಎದುರಿಗೆ ಕನ್ನಡಿ ಹಿಡಿಯುತ್ತಾರೆ. ಆತ ಕನ್ನಡಿ ನೋಡಿಕೊಂಡು ಕೈ ಬಳಸಿ ಪಾಪೆ ಇಡುತ್ತಾನೆ, ದೇವಿ ಮೊದಲು ನೋಡುವುದು ತನ್ನನ್ನೇ. ತನ್ನ ಉರಿ ತನಗೇ. ಆ ಕನ್ನಡಿ ಹಿಡಿಯುವುದು ಮನೆಯ ಹೆಂಗಸಿನ ಕೆಲಸ, ಕನ್ನಡಿಯ ಹಿಂದೆ ಮುಖ ಮರೆ ಮಾಡಿಕೊಂಡು ಅಲುಗದೆ ನಿಲ್ಲಬೇಕು. ನಾರಣಪ್ಪ ಇರುವ ತನಕ ಹಾಗೆ ನಿಂತವಳು ತುಂಗವ್ವ. ಈಗ ಆಕೆಯನ್ನು ಹೊರಗಟ್ಟಿಯಾಗಿತ್ತು. ಯಂಕೋಬನ ಹೆಂಡತಿ ಬಸುರಿ, ಬಸುರಿ ಎದುರಿಗೆ ಬರುವಂತಿಲ್ಲ. ಕನ್ನಡಿ ಹಿಡಿಯಲು ಮನೆಯಲ್ಲಿ ಇನ್ನೊಂದು ಕೈ ಇರಲಿಲ್ಲ.

ಆತ ಜಾಣ. ಕನ್ನಡಿಯನ್ನು ರುಬ್ಬುವ ಗುಂಡುಕಲ್ಲಿಗೆ ಒರಗಿಸಿಟ್ಟ. ಎಡಗಣ್ಣಿನ ಪಾಪೆ ಇಟ್ಟಾಗ ನನಗೆ ಮಬ್ಬು ಮಬ್ಬಾಗಿ ಒಂದು ಹೊಳಪು ಕಂಡಿತು. ಬಲಗಣ್ಣಿನ ಪಾಪೆ ಇಡುತ್ತಿದ್ದಂತೆ ಗುಂಡು ಒಂದಿಷ್ಟು ಉರುಳಿತು, ಕನ್ನಡಿ ಜಾರಿತು. ಒಡೆದೀತೆಂದು ಯಂಕೋಬ ಗಾಬರಿಯಿಂದ ಮುಂದೆ ಬಂದು ಬಗ್ಗಿ ಹಿಡಿದ. ಕನ್ನಡಿ ಉಳಿಯಿತು. ತಲೆ ಎತ್ತಿದರೆ ಎದುರಿಗೆ ನಾನು, ಎರಡೂ ಕಣ್ಣು ತೆರೆದುಕೊಂಡು.

ಆತನ ಮುಖದ ರಕ್ತ ಇಳಿದುಹೋದದ್ದು ನಾನು ಜೀವನದಲ್ಲಿ ಕಂಡ ಮೊದಲ ದೃಶ್ಯ. ಬಹಳ ಚೆನ್ನಾಗಿತ್ತು.

ನನ್ನನ್ನು ಕರಡಿಮಟ್ಟಿಗೆ ಒಯ್ದು ಹೊಸ ಗುಡಿಯಲ್ಲಿ ಕೂರಿಸಿದರು. ಹಸಿರು ಸೀರೆ, ಬೇವು, ಅರಿಸಿನದ ಭಂಡಾರ, ಯಾವುದಕ್ಕೂ ಕೊರತೆ ಇರಲಿಲ್ಲ. ಊರ ಹಿರಿಯ ದೊಡ್ಡನಗೌಡ ಅಮಾವಾಸ್ಯೆ ಅಮಾವಾಸ್ಯೆಗೆ ಬಂದು ನನ್ನ ಪಾದದ ಹತ್ತಿರ ಕೂತು ತನ್ನ ಹಲ್ಲುನೋವಿನಿಂದ ಹಿಡಿದು ಸೊಸೆಯ ಅಡುಗೆಯ ತನಕ ಎಲ್ಲವನ್ನೂ ಹೇಳಿಕೊಳ್ಳುತ್ತಿದ್ದ. ಕೇಳುತ್ತಿದ್ದೆ. ಆದರೆ ನನ್ನ ಮನಸ್ಸೆಲ್ಲ ಶ್ರಾವಣದ ಮೇಲೆ. ಪ್ರತಿ ಶ್ರಾವಣಕ್ಕೆ ಮುಂಚೆ ಮೂರ್ತಿ ಮಾಡಿದವನೇ ಬಂದು ಬಣ್ಣ ತಿದ್ದಬೇಕು, ಅದು ಪದ್ಧತಿ. ಹೊಗಳಿಕೆ ತನ್ನದೆಂದು ತೆಗೆದುಕೊಂಡವನಿಗೆ ಬಣ್ಣವೂ ಗಂಟು ಬಿತ್ತು.

ಯಂಕೋಬ ಬರುತ್ತಿದ್ದ. ನನ್ನ ಪಾದದಿಂದ ಸೊಂಟದ ತನಕ ಆತನ ಕೆಲಸ ಚೆನ್ನಾಗಿರುತ್ತಿತ್ತು. ಕೊರಳಿಗೆ ಬಂದರೆ ಬೇರೆ ಕಡೆ ನೋಡುತ್ತಿದ್ದ. ಮುಖವನ್ನು ಕಣ್ಣು ಮುಚ್ಚಿಕೊಂಡೇ ಬಳಿಯುತ್ತಿದ್ದ, ಒಂದು ವರ್ಷ ನನ್ನ ತುಟಿಯ ಕೆಂಪು ಗದ್ದಕ್ಕೆ ಇಳಿದು ಹುಡುಗಿಯರು ನಕ್ಕರು. ನಾನೇನೂ ಮಾಡುತ್ತಿರಲಿಲ್ಲ, ಸತ್ಯವಾಗಿ ಹೇಳುತ್ತೇನೆ. ಮರದ ತುಂಡಿಗೆ ಎಮ್ಮೆ ಸಾಯಿಸಲು ಬರುವುದಿಲ್ಲ. ಆದರೆ ಆತನ ಎಮ್ಮೆ ಸತ್ತಾಗ ನನ್ನಿಂದ ಎಂದ. ಮಾಳಿಗೆ ಸೋರಿದಾಗ ನನ್ನಿಂದ ಎಂದ. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋದರೆ ಕಾಗೆ ಯಾಕೆ ಬೇಡ ಅನ್ನಬೇಕು? ನಾನು ಎಲ್ಲವನ್ನೂ ನನ್ನ ಲೆಕ್ಕಕ್ಕೆ ಹಾಕಿಕೊಂಡೆ. ಆತ ಹರಕೆ ಹೊತ್ತ, ಉರುಳುಸೇವೆ ಮಾಡಿದ, ಬೆಳ್ಳಿಯ ಕಣ್ಣು ತಂದು ಒಪ್ಪಿಸಿದ. ಅವನ್ನು ಹಾಕಿಕೊಂಡು ಇನ್ನಷ್ಟು ದಿಟ್ಟಿಸಿದೆ.

ತುಂಗವ್ವ ಒಂದೇ ಸಲ ಬಂದಿದ್ದಳು. ಸಾಲಿನಲ್ಲಿ ಎಲ್ಲರ ಹಿಂದೆ ನಿಂತು ಹತ್ತಿರ ಬಂದಳು. ಕೈಯ ಚರ್ಮ ಹುಣಸೆಬೀಜ ಅರೆದೂ ಅರೆದೂ ಕಂದಿತ್ತು. ಕೇಳು, ಅವನ ವಂಶ ಹಾಳಾಗಲಿ ಎಂದು ಕೇಳು ಎಂದು ನಾನು ಕಾದೆ. ಆಕೆ ನನ್ನ ಮೂಗನ್ನೇ ನೋಡಿ, "ಎಡಕ್ಕ ಒಂದೀಟು ಹೆಚ್ಚು ಕೆತ್ತೇನಿ, ನಂದಽ ತಪ್ಪು" ಎಂದು ತನ್ನಷ್ಟಕ್ಕೆ ಅಂದುಕೊಂಡು ಹೋದಳು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಸರಿ, ನಿನಗೆ ಬೇಡವಾದರೆ ಬಿಡು, ನಾನೇ ನೋಡಿಕೊಳ್ಳುತ್ತೇನೆ ಎಂದುಕೊಂಡೆ.

ಕೊನೆಗೆ ಯಂಕೋಬನೇ ಒಂದು ಉಪಾಯ ಹೂಡಿದ. ಭಿನ್ನವಾದ ಮೂರ್ತಿಗೆ ಪೂಜೆ ಸಲ್ಲದು, ಅದನ್ನು ಹೊಳೆಗೆ ಬಿಡಬೇಕು. ಆ ವರ್ಷ ಬಣ್ಣ ತಿದ್ದಲು ಪರದೆ ಎಳೆದುಕೊಂಡವನು ನನ್ನ ಮೊಣಕೈಯ ಕೀಲಿಗೆ ಉಳಿ ಇಟ್ಟು ತಿರುವಿದ. ತುಂಗವ್ವ ಅಂಟು ಹಾಕಿ ಕೂಡಿಸಿದ್ದ ಕೀಲು ಅದು. ಬಿರುಕು ಭುಜದ ತನಕ ಹೋಯಿತು. ನೋವಾಯಿತು. ತುಂಗವ್ವನದೇ ಉಳಿಯಿಂದ ನನ್ನನ್ನು ಸೀಳಿದ ಎಂಬ ನೋವು ಅದಕ್ಕಿಂತ ದೊಡ್ಡದು. ಪರದೆ ಸರಿಸಿ ಹೊರಗೆ ಬಂದು, ಮರಕ್ಕೆ ವಯಸ್ಸಾಯಿತು, ದೇವಿ ಹೋಗುತ್ತೇನೆ ಅನ್ನುತ್ತಿದ್ದಾಳೆ ಎಂದು ಕಣ್ಣೀರು ಬೇರೆ ಹಾಕಿದ.

ಹಿರಿಯರು ಒಪ್ಪಿದರು. ಆದರೆ ಊರ ಇನ್ನೊಂದು ಪದ್ಧತಿ ಅವರು ಮರೆತಿರಲಿಲ್ಲ. ಹಳೆಯವಳು ಗುಡಿಯಲ್ಲಿ ಇರುವಾಗ ಹೊಸಬಳನ್ನು ಆಕೆಯ ಕಣ್ಣೆದುರಿಗೇ, ಗುಡಿಯ ಅಂಗಳದಲ್ಲಿ ಕೂತು ಕೆತ್ತಬೇಕು. ನನ್ನ ಸರದಿಯಲ್ಲಿ ಹಳೆಯವಳು ಸುಟ್ಟುಹೋಗಿದ್ದರಿಂದ ಕಿನ್ನಾಳದಲ್ಲೇ ಕೆಲಸ ನಡೆದುಹೋಗಿತ್ತು. ಈ ಮಾತು ಕೇಳಿ ಯಂಕೋಬ ಊರ ದಾರಿಯ ಕಡೆ ನೋಡಿದ್ದು ನನಗೆ ಗರ್ಭಗುಡಿಯಿಂದಲೇ ಕಂಡಿತು. ತಾನು ತೋಡಿದ ಗುಂಡಿಗೆ ತಾನೇ ಬೀಳಬೇಕಾಯಿತು.

ಅಂಗಳದ ಬೇವಿನ ಕೆಳಗೆ ಆತ ಕೂತ. ಎದುರಿಗೆ ಊರು ಕೂತಿತು. ಸುತ್ತಿಗೆ ಬಿದ್ದಲ್ಲಿ ಉಳಿ ಇಲ್ಲ, ಉಳಿ ಇಟ್ಟಲ್ಲಿ ಗೆರೆ ಇಲ್ಲ. ದೇವಿಯ ಮುಖ ಊದಿಕೊಂಡು ಹಲ್ಲುನೋವಿನ ದೊಡ್ಡನಗೌಡನ ಹಾಗೆ ಕಾಣಿಸತೊಡಗಿತು, ಗೌಡನೇ ಅದನ್ನು ಮೊದಲು ಗುರುತಿಸಿದ. ಯಂಕೋಬ ಮರ ಸರಿಯಿಲ್ಲ ಎಂದ, ಬೇರೆ ಮರ ತಂದರು. ಉಳಿ ಮೊಂಡಾಗಿದೆ ಎಂದ, ಸಾಣೆ ಹಿಡಿಸಿದರು. ಬಿಸಿಲು ಎಂದ, ಚಪ್ಪರ ಹಾಕಿದರು. ಕುಣಿಯಲಾರದವಳಿಗೆ ನೆಲ ಡೊಂಕು. ಕಡೆಗೆ, ಸಣ್ಣಪುಟ್ಟ ಕೆಲಸಕ್ಕೆ ನಮ್ಮ ಅತ್ತಿಗೆಯನ್ನು ಕರೆಸುತ್ತೇನೆ, ನಾನು ಹೇಳಿದ ಹಾಗೆ ಮಾಡುತ್ತಾಳೆ ಎಂದ.

ತುಂಗವ್ವ ಬಂದಳು. ವಿಧವೆ ದೇವಿಯನ್ನು ಕೆತ್ತುವುದೇ ಎಂದು ಹಿಂದಿನಿಂದ ಯಾರೋ ಗೊಣಗಿದರು. ದೊಡ್ಡನಗೌಡ ಕೂತಲ್ಲಿಂದಲೇ ಕೇಳಿದ: "ದುರ್ಗವ್ವಗ ಯಾವ ಗಂಡ ಅದಾನಪಾ? ಕೆತ್ಲಿ ಬಿಡು."

ಯಂಕೋಬ ಉಳಿ ಕೊಟ್ಟ. ಆಕೆ ಮರವನ್ನು ಹೆಬ್ಬೆರಳಿನಿಂದ ಸವರಿದಳು, ಆಮೇಲೆ ತಲೆ ಎತ್ತಲಿಲ್ಲ. ಹೊಸ ದೇವಿ ಮರದೊಳಗಿಂದ ಎದ್ದು ಬಂದಳು, ಮೂಗು ನನ್ನದಕ್ಕಿಂತ ನೆಟ್ಟಗೆ. ಊರು ಮುಂದೆ ಸರಿದು ಕೂತು ನೋಡಿತು. ಯಂಕೋಬ ಪಕ್ಕದಲ್ಲಿ ನಿಂತು ಅಲ್ಲಿ, ಇಲ್ಲಿ, ಹೀಗೆ ಎಂದು ಬೆರಳು ತೋರಿಸುತ್ತಿದ್ದ. ಎಲ್ಲ ಕಂಡಾದ ಮೇಲೂ ಆ ಒಂದು ಮಾತು ಆತನ ಬಾಯಿಂದ ಬರಲಿಲ್ಲ. ಆತ ಹೇಳದಿದ್ದರೆ ಓಣಿ ಒಪ್ಪುವುದಿಲ್ಲ, ನಾಳೆ ಮತ್ತೆ ಉಳಿ ಆತನ ಪೆಟ್ಟಿಗೆಗೇ ಹೋಗುತ್ತದೆ.

ನನ್ನನ್ನು ಹೊಳೆಗೆ ಬಿಡುವ ದಿನ ಬೆಳಗ್ಗೆ ತುಂಗಭದ್ರೆಯ ಹಿನ್ನೀರಿನ ದಂಡೆಗೆ ತಂದು ಮರಳಿನ ಮೇಲೆ ಇಳಿಸಿದರು. ನೀರಿಗೆ ಬಿಡುವ ಮುಂಚೆ ಕಣ್ಣು ಮುಚ್ಚಬೇಕು, ತೆರೆದವನೇ ಮುಚ್ಚಬೇಕು. ಯಂಕೋಬ ಕಿಟ್ಟದ ಬಟ್ಟಲು ಹಿಡಿದು ನನ್ನ ಹತ್ತಿರ ಬಂದ, ನಾನು ಕೊನೆಯ ಸಲ ಇದ್ದಬದ್ದ ಉರಿಯನ್ನೆಲ್ಲ ಕೂಡಿಸಿ ನೋಡಿದೆ. ಬಟ್ಟಲು ಕೈಯಿಂದ ಜಾರಿತು. ತುಂಗವ್ವ ಬಗ್ಗಿ ಎತ್ತಿಕೊಂಡು, ಒಂದು ಕಣ್ಣು, ಇನ್ನೊಂದು ಕಣ್ಣು, ನಿಧಾನವಾಗಿ ಮುಚ್ಚಿದಳು. ಕತ್ತಲಾಯಿತು.

ಆಗ ಯಂಕೋಬ ನನ್ನ ಪಾದದ ಮೇಲೆ ಬಿದ್ದ. "ತಪ್ಪಾತು ತಾಯಿ, ತಪ್ಪಾತು. ಇನ್ನರ ನನ್ನ ಬಿಡು" ಎಂದು ಅತ್ತ. ಕಣ್ಣೀರು ಬಿಸಿಯಾಗಿತ್ತು. ನನ್ನ ಮರದ ಎದೆ ಹಿಗ್ಗಿತು. ಇದಕ್ಕೇ ತಾನೇ ಇಷ್ಟು ವರ್ಷ ಕಾದದ್ದು.

ತುಂಗವ್ವನ ದನಿ ಕೇಳಿಸಿತು, ಏರಿಲ್ಲ, ಇಳಿದಿಲ್ಲ.

"ಆಕಿಗೆ ಈಗ ಕಾಣಂಗಿಲ್ಲ, ಯಂಕೋಬ. ಹೇಳೂದಿದ್ರ ನನಗ ಹೇಳು."

ಆ ಕತ್ತಲೆಯಲ್ಲಿ ನನಗೆ ಒಂದು ವಿಷಯ ತಿಳಿಯಿತು, ತಿಳಿದದ್ದು ಸೊಗಸಲಿಲ್ಲ. ಆತ ನನಗೆ ಹೆದರುತ್ತಿದ್ದುದನ್ನು ನಾನು ನನ್ನ ಗೆಲುವೆಂದು ತಿಳಿದಿದ್ದೆ. ನನಗೆ ಹರಕೆ ಹೊತ್ತ, ನನ್ನ ಮುಂದೆ ಉರುಳಿದ, ನನಗೆ ಬೆಳ್ಳಿ ಕೊಟ್ಟ. ಹಾಗಾಗಿ ಓಣಿಯ ಕೊನೆಯ ಕೋಣೆಯ ಬಾಗಿಲು ತಟ್ಟುವ ಅಗತ್ಯವೇ ಆತನಿಗೆ ಬೀಳಲಿಲ್ಲ. ನನ್ನ ಸೇಡಿನ ಹಿಂದೆ ಆತ ಸುಖವಾಗಿ ಅಡಗಿ ಕೂತಿದ್ದ.

ಮರಳಿನ ಮೇಲೆ ಮೊಣಕಾಲು ತಿರುಗಿದ ಸದ್ದಾಯಿತು. ಆಮೇಲೆ ಆತನ ದನಿ, ನನ್ನ ಕಡೆಗಲ್ಲ.

"ಇಕಿನ್ನ ಮಾಡಿದಾಕಿ ನೀನು, ಅತ್ತಿಗಿ. ಉಳಿ ಕಸಗೊಂಡಾಂವ ನಾನು."

ಕೇಳಲಿಲ್ಲ, ಜೋರಾಗಿ ಹೇಳು ಎಂದ ದೊಡ್ಡನಗೌಡ. ಯಂಕೋಬ ಜೋರಾಗಿ ಹೇಳಿದ. ದಂಡೆಗೆಲ್ಲ ಕೇಳುವ ಹಾಗೆ ಮತ್ತೊಮ್ಮೆ ಹೇಳಿಸಿದರು. ತುಂಗವ್ವ ಕ್ಷಮಿಸಿದೆ ಅನ್ನಲಿಲ್ಲ. ಉಳಿಗಳ ಪೆಟ್ಟಿಗೆಯನ್ನು ತನ್ನ ಕಂಕುಳಿಗೆ ಏರಿಸಿಕೊಂಡು, ಹೊತ್ತಾಯಿತು, ದೇವಿಯನ್ನು ಎತ್ತು ಎಂದಳು.

ನೀರು ಕುಡಿದು ಭಾರವಾಗಿ ಈಗ ಹಿನ್ನೀರಿನ ಕೆಸರಿನಲ್ಲಿ ಮಲಗಿದ್ದೇನೆ. ಬಣ್ಣ ಮೀನುಗಳ ಪಾಲಾಗಿದೆ, ಕೈಯೊಂದು ಎಲ್ಲೋ ತೇಲಿಹೋಗಿದೆ. ಮೇಲೆ ತೆಪ್ಪದಲ್ಲಿ ಹೋಗುವವರು ಒಮ್ಮೊಮ್ಮೆ ಹೊಸ ದೇವರನ್ನು ಕಿನ್ನಾಳದ ತುಂಗವ್ವನ ಹತ್ತಿರ ಮಾಡಿಸಿದ ಸುದ್ದಿ ಮಾತಾಡುತ್ತಾರೆ. ನಿನ್ನ ಸೇಡು ತೀರಿತೇ ಎಂದು ಕೇಳಿದರೆ, ಇಲ್ಲ, ನನ್ನದು ತೀರಲಿಲ್ಲ. ತೀರಿದ್ದು ಆಕೆಯದು. ಅಷ್ಟು ವರ್ಷ ಕಣ್ಣು ಬಿಟ್ಟುಕೊಂಡು ಕೂತು ನನ್ನಿಂದ ಆಗದ್ದನ್ನು ಆಕೆ ಒಂದು ಮಾತಿನಲ್ಲಿ ಮಾಡಿದಳು. ಹೊಟ್ಟೆಕಿಚ್ಚಾಗುತ್ತದೆ.