ಎಂಟನೆಯ ಕಾಲಂ

ಕಂಪ್ಯೂಟರ್ ಪರದೆಯ ಮೇಲೆ ಪುಸ್ತಕಗಳ ಹೆಸರೆಲ್ಲ ಇದ್ದವು. ಸುಬ್ಬಲಕ್ಷ್ಮಿ ಹಾಕಿದ್ದ ‘ಡಿ’ ಗುರುತು ಮಾತ್ರ ಒಂದೂ ಇರಲಿಲ್ಲ. ಮಲಾಡಿನ ಕನ್ನಡ ವಾಚನಾಲಯದಲ್ಲಿ ಅವರು ಒಂದು ವರ್ಷ ಕಪಾಟುಗಳನ್ನು ಜಾಲಾಡಿ, ದಪ್ಪ ಅಕ್ಷರದ ಪುಸ್ತಕ ಸಿಕ್ಕಾಗಲೆಲ್ಲ ಪಟ್ಟಿಯಲ್ಲಿ ದಪ್ಪಕ್ಕೆ ‘ಡಿ’ ಎಂದು ಗುರುತಿಸಿದ್ದರು. ಕಣ್ಣು ಮಂಜಾದ ಹಿರಿಯರು ಓದಲಾಗದ ಪುಸ್ತಕ ಹೊತ್ತುಕೊಂಡು ಹೋಗಿ, ಮರುದಿನವೇ ಹಿಂದಿರುಗಿಸುವುದನ್ನು ಅವರು ಬಹಳ ಸಲ ನೋಡಿದ್ದರು.

ಪಟ್ಟಿಯ ನಿಯಮವನ್ನು ಎಂಬತ್ತೊಂಬತ್ತರಲ್ಲಿ ಬರೆದವರು ಅಂಧೇರಿ ವಾಚನಾಲಯದ ಸತ್ಯಮೂರ್ತಿ. ಮಲಾಡ್, ಅಂಧೇರಿ, ಪರೇಲ್ ಮೂರೂ ವಾಚನಾಲಯಗಳ ಪಟ್ಟಿ ಒಂದೇ ಫ್ಲಾಪಿಯಲ್ಲಿ, ತಿಂಗಳಿಗೊಮ್ಮೆ ಲೋಕಲ್ ರೈಲು ಹತ್ತಿ ಸುತ್ತುತ್ತಿತ್ತು. ಒಂದು ಪುಸ್ತಕಕ್ಕೆ ಒಂದು ಸಾಲು, ಸಾಲಿಗೆ ಏಳು ಕಾಲಂ. ನಿಯಮದ ಹಾಳೆಯನ್ನು ಯಾರು ಕೇಳಿದರೂ ಕೊಡುತ್ತಿದ್ದರು. ಎಂಟನೆಯ ಕಾಲಂ ಸುಬ್ಬಲಕ್ಷ್ಮಿ ತಾವಾಗಿ ಸೇರಿಸಿದ್ದು. ಸುತ್ತಿ ಬಂದ ಪಟ್ಟಿಯನ್ನು ಅವರು ಹಳೆಯದರ ಮೇಲೆಯೇ ಇಳಿಸಿಕೊಂಡಿದ್ದರಿಂದ ಬೇರೆ ಪ್ರತಿಯೂ ಉಳಿದಿರಲಿಲ್ಲ.

ಸುಬ್ಬಲಕ್ಷ್ಮಿಯಿಂದ ವಿಷಯ ತಿಳಿದು ಸತ್ಯಮೂರ್ತಿ ಪರೇಲಿಗೆ ಫೋನ್ ಮಾಡಿದರು. ಅಲ್ಲಿ ಪಟ್ಟಿ ಓದುವ ಪ್ರೋಗ್ರಾಂ ಬರೆದಿದ್ದ ಸಿದ್ದಲಿಂಗಪ್ಪ ನಕ್ಕರು.

“ನಿಮ್ಮ ಹಾಳ್ಯಾಗ ಏಳು ಅಂತ ಐತ್ರಿ. ಎಂಟನೇದು ಕಂಡ್ರ ನಮ್ಮ ಪ್ರೋಗ್ರಾಂ ಕಸ ಅಂತ ಒಗೀತೈತಿ. ತಪ್ಪು ಯಾರದು, ನೀವs ಹೇಳ್ರಿ.”

ಎಂಟು ಕಾಲಂ ಕಡ್ಡಾಯವೆಂದರೆ ಎಲ್ಲರೂ ಪ್ರೋಗ್ರಾಂ ತಿದ್ದಬೇಕು. ನಾಳೆ ಯಾರೋ ಒಂಬತ್ತನೆಯದು ಕೇಳುತ್ತಾರೆ. ಬೇಡವೆಂದರೆ ಸುಬ್ಬಲಕ್ಷ್ಮಿಯ ವರ್ಷದ ಕೆಲಸ ಮುಗಿದಂತೆಯೇ. ಅವರೇ ಮೆಲ್ಲಗೆ ಅಂದಿದ್ದರು: “ತೊಂದರೆಯಾದರೆ ಬೇಡ ಅಂದ್ಬಿಡಿ ಸಾರ್, ಇನ್ನು ಹಾಕೋಲ್ಲ.”

ಮರುದಿನ ಬೆಳಿಗ್ಗೆ ಸತ್ಯಮೂರ್ತಿ ಪೂಜೆಗೆ ಕುಳಿತರು. ಹೆಂಡತಿ ರಮಾಮಣಿ ನೈವೇದ್ಯದ ಪಕ್ಕದಲ್ಲಿ ದಿನವೂ ಒಂದು ಖಾಲಿ ಬಟ್ಟಲನ್ನು ಬೋರಲಾಗಿ ಇಡುತ್ತಿದ್ದಳು. ಏಕೆಂದು ಅವರು ಕೇಳಿರಲಿಲ್ಲ. ತಾಯಿಯಿಂದ ಕಲಿತ ಅವಳಿಗೂ ಗೊತ್ತಿತ್ತೋ ಇಲ್ಲವೋ. ಅವಳು ತೀರಿಹೋಗಿ ಹನ್ನೊಂದು ತಿಂಗಳಾಗಿತ್ತು. ಈಗ ಅವರೇ ಇಡುತ್ತಿದ್ದರು. ಆ ದಿನ ಬಟ್ಟಲಿಟ್ಟ ಕೈ ಸ್ವಲ್ಪ ಹೊತ್ತು ಅಲ್ಲೇ ನಿಂತಿತು.

ಮಂಗಳಾರತಿ ಮುಗಿಸಿ ನಿಯಮದ ಹಾಳೆಗೆ ಒಂದು ಸಾಲು ಸೇರಿಸಿದರು: “ಏಳರ ಮುಂದೆ ಬಂದದ್ದು ಅರ್ಥವಾಗದಿದ್ದರೆ ಬಿಡಿ, ಆದರೆ ಅಳಿಸಬೇಡಿ, ಬಂದ ಹಾಗೆಯೇ ಮುಂದೆ ಕಳಿಸಿ.”

ಸಿದ್ದಲಿಂಗಪ್ಪ ಗೊಣಗಿದರೂ ಒಂದೇ ಭಾನುವಾರದಲ್ಲಿ ಪ್ರೋಗ್ರಾಂ ತಿದ್ದಿದರು. ಮಲಾಡಿನಲ್ಲಿ ಗುರುತು ಹಾಕುವ ಕೆಲಸ ಮತ್ತೆ ಮೊದಲಾಯಿತು. ಸತ್ಯಮೂರ್ತಿಯೂ ರಜೆಯ ದಿನಗಳಲ್ಲಿ ಹೋಗಿ, ಕನ್ನಡಕ ತೆಗೆದಿಟ್ಟು ಒಂದೊಂದು ಪುಸ್ತಕ ತೆರೆಯುತ್ತಿದ್ದರು. ಅವರಿಗೆ ಓದಲು ಬಂದರೆ ಅದಕ್ಕೆ ‘ಡಿ’.

“ನಿಮ್ಮ ಕಣ್ಣು ಇನ್ನೂ ಸ್ವಲ್ಪ ಕೆಟ್ಟಿದ್ದರೆ ಕೆಲಸ ಬೇಗ ಮುಗೀತಿತ್ತು,” ಎಂದು ಸುಬ್ಬಲಕ್ಷ್ಮಿ ನಕ್ಕರು.

ಫ್ಲಾಪಿ ಪರೇಲ್ ಸುತ್ತಿ ಬಂದಾಗ ಗುರುತುಗಳೆಲ್ಲ ಇದ್ದಲ್ಲೇ ಇದ್ದವು. ಕೆಲವು ಸಾಲುಗಳಲ್ಲಿ ಅವುಗಳ ಮುಂದೆ ಪರೇಲಿನಲ್ಲಿ ಯಾರೋ ಇನ್ನೊಂದು ಅಕ್ಷರ ಸೇರಿಸಿದ್ದರು.

“ಇದೇನು ಸಾರ್?”

“ಗೊತ್ತಿಲ್ಲಮ್ಮ.”

ಸತ್ಯಮೂರ್ತಿ ಆ ಅಕ್ಷರಗಳನ್ನು ಇದ್ದ ಹಾಗೆಯೇ ಬಿಟ್ಟು, ಫ್ಲಾಪಿಯನ್ನು ಕಾಗದದ ಕವರಿಗೆ ಹಾಕಿ ಅಂಗಿಯ ಜೇಬಿನಲ್ಲಿಟ್ಟುಕೊಂಡರು. ಮಲಾಡ್ ಸ್ಟೇಷನ್ನಿನ ನೂಕುನುಗ್ಗಲಿನಲ್ಲಿ ಜೇಬಿನ ಮೇಲೆ ಅಂಗೈ ಇಟ್ಟುಕೊಂಡು ಲೋಕಲ್‌ಗಾಗಿ ನಿಂತರು.